ಅಕ್ಕ ಬರೆದ ನಾಲ್ಕು ಪದ

ಮಾನ್ವಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನನ್ನಕ್ಕನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದವು. ಮಾತೂ ಹೋಯಿತು. ಎಡಗೈಯ ಒಂದು ಬೆರಳಿನಿಂದ ಕೀಲಿಮಣೆಯ ಕೀಲಿ ಒತ್ತಬಲ್ಲಳು ಎಂದು ತಿಳಿದಾಗ, ರಾಯಚೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ನಾನು ಅವಳಿಗಾಗಿ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಪರದೆಯ ಮೇಲೆ ದೊಡ್ಡದೊಂದು ಚೌಕ. ಎರಡಕ್ಷರ ಒತ್ತಿದರೆ ಕೆಳಗೆ ಪೂರ್ತಿ ಪದಗಳು ಕಾಣುತ್ತವೆ. ಬೇಕಾದ್ದನ್ನು ಆರಿಸಿದರೆ ಅದು ಚೌಕದೊಳಗೆ ಸೇರುತ್ತದೆ. 'ನೀರು' ಎಂದು ಒತ್ತಿ ನೋಡಿದೆ, ಬಂತು. ಅದನ್ನಳಿಸಿ 'ಫ್ಯಾನ್', ಬಂತು. ಒಂದೊಂದೇ ಪದ ನೋಡಿ ಖುಷಿಪಟ್ಟು, ಲ್ಯಾಪ್‌ಟಾಪನ್ನು ಅವಳ ಮಂಚದ ಪಕ್ಕ ಇಟ್ಟು ರಾಯಚೂರಿನ ಬಸ್ಸು ಹತ್ತಿದೆ.

ಒಂದು ಪದ ಬರೆದರೆ ಎಲ್ಲ ಸರಿ ಇರುತ್ತಿತ್ತು. ವಾಕ್ಯ ಬರೆದರೆ ಹಿಂದುಮುಂದಾಗುತ್ತಿತ್ತು. ಮೆದುಳಿಗೆ ಪೆಟ್ಟಾಗಿದೆ, ಮಾತು ಕಲಸಿಹೋಗಬಹುದು, ಸುಮ್ಮಸುಮ್ಮನೆ ಅಳಲೂಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗಾಗಿ ಪ್ರೋಗ್ರಾಮಿನ ಮೇಲೆ ಯಾರೂ ಅನುಮಾನಪಡಲಿಲ್ಲ. ಬರೆದ ನಾನೂ ಪಡಲಿಲ್ಲ.

ಅಷ್ಟರಲ್ಲಿ ಅವಳ ಮಗಳಿಗೆ ದೇವದುರ್ಗದಿಂದ ಸಂಬಂಧ ಬಂತು. ಹುಡುಗಿ ಆಗ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಳು. ಗಂಡಿನ ಕಡೆಯವರಿಗೆ ಅವಸರ. ನಾನು ಮಾನ್ವಿಗೆ ಬಂದಿದ್ದ ದಿನ, ಅಕ್ಕನನ್ನೇ ಕೇಳೋಣ ಎಂದರು ಭಾವ. ಅವಳು ಬಹಳ ಹೊತ್ತು ಒತ್ತಿದಳು. ಪರದೆಯ ಮೇಲೆ ಬಂದದ್ದು: "ಆಮೇಲೆ ಮದುವೆ ಮುಗಿಯಲಿ ಓದು."

"ಮದುವಿ ಮುಗೀಲಿ, ಆಮ್ಯಾಲ ಓದು ಅನ್ನಾಕತ್ತಾಳ. ಹೌದಲ್ಲೇನಪಾ?" ಎಂದು ಭಾವ ನನ್ನತ್ತ ನೋಡಿದರು.

"ಹೌದ್ರಿ," ಎಂದೆ.

ಅಕ್ಕ ಜೋರಾಗಿ ಅಳತೊಡಗಿದಳು. ಕೀಲಿಮಣೆಯ ಮೇಲೆ ಅಂಗೈ ಬಡಿದಳು. ದಣಿದಿದ್ದಾಳೆ ಎಂದುಕೊಂಡು ಲ್ಯಾಪ್‌ಟಾಪು ಮುಚ್ಚಿಟ್ಟವನು ನಾನೇ.

ಮದುವೆಯಾಗಿ ಎರಡು ತಿಂಗಳ ಮೇಲೆ ಒಂದು ಭಾನುವಾರ, ಅವಳು ಬರೆಯುವುದನ್ನು ಮೊದಲ ಸಲ ಪಕ್ಕದಲ್ಲೇ ಕೂತು ನೋಡಿದೆ. ಅಲ್ಲಿಯವರೆಗೆ ಬರೆದು ಮುಗಿದದ್ದನ್ನಷ್ಟೇ ಓದುತ್ತಿದ್ದೆ. ಪದ ಆರಿಸಿದ ಕೂಡಲೇ, ಮುಂದಿನ ಅಕ್ಷರದ ಜಾಗ ತೋರಿಸುತ್ತ ಮಿನುಗುವ ಗೆರೆ, ಅಂದರೆ ಕರ್ಸರ್, ಚೌಕದ ಆರಂಭಕ್ಕೆ ಹಾರಿತು. ಎರಡನೆಯ ಪದ ಮೊದಲನೆಯದರ ಎಡಕ್ಕೆ ಬಂದು ಕೂತಿತು. ಮೂರನೆಯದು ಅದರ ಎಡಕ್ಕೆ.

ತಪ್ಪು ನನ್ನದು. ಪದ ಸೇರಿಸುವಾಗ ಚೌಕದ ಬರಹವನ್ನೆಲ್ಲ ಅಳಿಸಿ ಹೊಸದಾಗಿ ತುಂಬುತ್ತಿದ್ದೆ. ತುಂಬಿದ ಮೇಲೆ ಕರ್ಸರ್ ಎಲ್ಲಿ ನಿಲ್ಲಬೇಕೆಂದು ಹೇಳಿರಲಿಲ್ಲ. ಹೇಳದಿದ್ದರೆ ಅದು ಮೊದಲಿಗೇ ಹೋಗುತ್ತದೆ. ಅಕ್ಕನ ಕಣ್ಣು ಕೀಲಿಗಳ ಮೇಲೆ, ಇಲ್ಲವೇ ಚೌಕದ ಕೆಳಗಿನ ಪದಗಳ ಮೇಲಿರುತ್ತಿತ್ತು. ತಪ್ಪು ಕಂಡರೂ ಅದನ್ನು ಹೇಳಲು ಅವಳಿಗಿದ್ದದ್ದು ಅದೇ ಚೌಕ.

ಸರಿಪಡಿಸಲು ಎರಡು ಸಾಲು ಸಾಕಾಯಿತು: ಕರ್ಸರ್ ಇದ್ದ ಜಾಗ ನೆನಪಿಟ್ಟುಕೊಂಡು, ಸೇರಿದ ಅಕ್ಷರಗಳಷ್ಟು ಮುಂದಕ್ಕೆ ಅದನ್ನು ಮತ್ತೆ ನಿಲ್ಲಿಸುವುದು. ಆಮೇಲೆ ಆ ಹಳೆಯ ನಾಲ್ಕು ಪದಗಳನ್ನು ಬಲದಿಂದ ಎಡಕ್ಕೆ ಓದಿದೆ. ಓದು ಮುಗಿಯಲಿ, ಮದುವೆ ಆಮೇಲೆ.

ಅಕ್ಕನ ಕಾಲ ಬಳಿ ಕೂತು ಎಲ್ಲ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ. ನಿಧಾನಕ್ಕೆ ಒತ್ತಿದಳು. ಈ ಸಲ ಪದಗಳು ಅವಳು ಇಟ್ಟಲ್ಲೇ ನಿಂತವು: "ಇನ್ನೊಮ್ಮೆ ಕೇಳಬೇಕಿತ್ತು."

ಮುಂದಿನ ವಾರ ದೇವದುರ್ಗಕ್ಕೆ ಹೋಗಿ ಅಕ್ಕನ ಮಗಳಿಗೂ ಹೇಳಿದೆ. ಮದುವೆಯಾದ ಮೇಲೂ ಓದಿಸುತ್ತೇವೆ ಎಂದಿದ್ದ ಅವಳ ಅತ್ತೆಮನೆಯವರು ಈಗ ಆ ಮಾತೇ ಎತ್ತುತ್ತಿರಲಿಲ್ಲ. ಅವಳು ಹೊರಕಟ್ಟೆಯಲ್ಲಿ ನಿಂತೇ ಕೇಳಿಸಿಕೊಂಡಳು.

"ಅವ್ವ ಹೂಂ ಅಂದಾಳಂತ ನಾ ಹೂಂ ಅಂದೆ, ಮಾಮಾ. ಇಲ್ದಿದ್ರ ಅಪ್ಪಗ ಬ್ಯಾಡ ಅಂತಿದ್ದೆ."

"ಈಗ ಅವ್ವಗ ಸರಿಯಾಗಿ ಬರಿಯಾಕ ಬರ್ತದವಾ," ಎಂದೆ.

"ಮೊದ್ಲೂ ಬರ್ತಿತ್ತಲ್ಲ," ಎಂದಳು.

ದಸರೆಗೆ ಅವಳು ಮಾನ್ವಿಗೆ ಬಂದು ಹತ್ತು ದಿನ ಇದ್ದಳು. ಮಧ್ಯಾಹ್ನವೆಲ್ಲ ತಾಯಿ, ಮಗಳು ಆ ಚೌಕದ ಮುಂದೆ ಕೂತಿರುತ್ತಿದ್ದರು. ಹುಡುಗಿ ಕೇಳುತ್ತಿದ್ದಳು, ಅಕ್ಕ ಒತ್ತುತ್ತಿದ್ದಳು. ನಾನು ಒಳಗೆ ಹೋದರೆ ಹುಡುಗಿ ಪರದೆಯನ್ನು ಅತ್ತ ತಿರುಗಿಸುತ್ತಿದ್ದಳು. ಹಬ್ಬ ಮುಗಿಸಿ ಅವಳು ದೇವದುರ್ಗಕ್ಕೆ ಮರಳಿದಳು, ಕಾಲೇಜಿಗೆ ಮರಳಲಿಲ್ಲ.

ಅಕ್ಕ ತೀರಿಕೊಂಡು ವರ್ಷವಾಗುತ್ತ ಬಂತು. ಲ್ಯಾಪ್‌ಟಾಪು ಮಗಳ ಹತ್ತಿರ ಇದೆ. ಅಕ್ಕ ಬರೆದದ್ದೆಲ್ಲ ಅದರಲ್ಲೇ ಉಳಿದಿರಬೇಕು. ಓದಲು ಕೊಡು ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.