ಎಡೆಗೆ ಮುಂಚಿನ ಕಜ್ಜಾಯ

ಚಿಕ್ಕವ್ವ ನನ್ನ ಜೊತೆ ಊರಿನಲ್ಲಿ ನಡೆಯುವಾಗ ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಹೊಟ್ಟೆಗೆ ಒತ್ತಿಕೊಂಡಿರುತ್ತಿದ್ದಳು. ಕೈಗೇನಾಗಿದೆ ಎಂದು ಹೊಸಬರು ಕೇಳುವುದಿತ್ತು. ಏನೂ ಆಗಿರಲಿಲ್ಲ. ಮುದ್ದೆ ತಿರುವಿ ಗಟ್ಟಿಯಾದ, ಅಗಲವಾದ, ಒಳ್ಳೆಯ ಕೈ. ಆ ಕೈ ನನ್ನ ಕಡೆ ಚಾಚಿದ್ದನ್ನು ಯಾರೂ ನೋಡಬಾರದು, ಅಷ್ಟೇ.

ಅವಳು ಅಪ್ಪನ ಎರಡನೇ ಹೆಂಡತಿ. ನನ್ನನ್ನು ಹೆತ್ತ ಅವ್ವ ಕಾಮಾಲೆಯಾಗಿ ಹೋದಾಗ ನನಗೆ ಆರು ವರ್ಷ. ಅದಾಗಿ ಎರಡು ವರ್ಷಕ್ಕೆ ಚಿಕ್ಕವ್ವ ಅರಕಲಗೂಡು ಕಡೆಯಿಂದ ಹಿರೀಸಾವೆ ಹತ್ತಿರದ ನಮ್ಮೂರಿಗೆ ಬಂದಳು. ಅವಳು ಎಂಥವಳೆಂದು ಊರು ಮೊದಲೇ ತೀರ್ಮಾನ ಮಾಡಿ ಕೂತಿತ್ತು. ನಾನು ಸೊರಗಿದರೆ ಅವಳು ಊಟ ಹಾಕುವುದಿಲ್ಲ. ಮೈಕೈ ತುಂಬಿಕೊಂಡರೆ ಜನರ ಬಾಯಿಗೆ ಹೆದರಿ ತುರುಕುತ್ತಾಳೆ. ಪಕ್ಕದ ಮನೆಯಾಕೆ ಮಗಳಿಗೆ ಪೊರಕೆಯಲ್ಲಿ ಬಾರಿಸಿದರೆ ಅದು ಬುದ್ಧಿ ಕಲಿಸುವುದು, ಚಿಕ್ಕವ್ವ ಬರಿದೇ ಗದರಿದರೂ ಮಲತಾಯಿ ಬುದ್ಧಿ. ಹಾಗಾಗಿ ಅವಳು ನನ್ನ ತಲೆ ಬಾಚುತ್ತಿದ್ದುದು ಜಗಲಿಯ ಮೇಲೆ, ಊಟಕ್ಕಿಡುತ್ತಿದ್ದುದು ಬಾಗಿಲು ತೆರೆದಿಟ್ಟು. "ತಗ್ದೇ ಇರ್ಲಿ ಕಣವ್ವ, ನೋಡೋರು ನೋಡ್ಲಿ" ಅನ್ನುತ್ತಿದ್ದಳು.

ತೊಂಬತ್ತರ ದಶಕದ ಮಾತು. ಆ ವರ್ಷ ಹಿರಿಯರ ಹಬ್ಬಕ್ಕೆ ಹೊಳೆನರಸೀಪುರದಿಂದ ಅಜ್ಜಿ, ಅಂದರೆ ಅವ್ವನ ಅವ್ವ, ಬಂದಿದ್ದಳು. ನಡುಮನೆಯಲ್ಲಿ ಅವ್ವನ ಹೆಸರಿನಲ್ಲಿ ಹೊಸ ಸೀರೆ, ಬಳೆ ಇಟ್ಟು, ಬಾಳೆಲೆಯಲ್ಲಿ ಅವಳಿಗೆ ಇಷ್ಟವಾದದ್ದನ್ನೆಲ್ಲ ಎಡೆ ಬಡಿಸಿ, ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಬರಬೇಕು. ತೀರಿಕೊಂಡವರು ಆಗ ಬಂದು ಉಂಡು ಹೋಗುತ್ತಾರೆ. ಬೆಳಗ್ಗೆಯೇ ಅಜ್ಜಿ ನನಗೆ ತಾಕೀತು ಮಾಡಿದ್ದಳು: "ಎಡೆಗೆ ಮುಂಚೆ ಯಾರಾದ್ರೂ ಬಾಯಿಗಾಕ್ಕಂಡ್ರೆ ಎಂಜ್ಲಾಯ್ತದೆ. ನಿಮ್ಮವ್ವ ಅಸ್ಕಂಡೇ ವಾಪಸ್ ಓಯ್ತಾಳೆ, ಉಸಾರು."

ಅವ್ವನಿಗೆ ಕಜ್ಜಾಯವೆಂದರೆ ಪ್ರಾಣವಂತೆ. ನನಗೂ ಅಷ್ಟೇ. ಚಿಕ್ಕವ್ವ ಮೊದಲ ಕಜ್ಜಾಯಗಳನ್ನು ಎಣ್ಣೆಯಿಂದ ತೆಗೆದು, ಬಾಂಡಲಿ ಕೆಳಗಿಳಿಸಿ, ಬಾಳೆಲೆ ಕುಯ್ಯಲು ಹಿತ್ತಲಿಗೆ ಹೋದಳು. ಒಂಬತ್ತು ವರ್ಷದ ನಾನು ಒಳಗೆ ನುಗ್ಗಿ ಒಂದನ್ನು ಎತ್ತಿ ಬಾಯಿಗೆ ತುರುಕಿಕೊಂಡೆ. ಗಡಿಬಿಡಿಯಲ್ಲಿ ಬಾಂಡಲಿಗೆ ಆನಿಸಿದ್ದ ಕಬ್ಬಿಣದ ಸಟ್ಟುಗ ಜಾರಿ ನನ್ನ ಎಡಗೈ ಮೇಲೆ ಉದ್ದಕ್ಕೆ ಬಿತ್ತು. ಕಿರುಚಲಿಲ್ಲ. ಕಿರುಚಿದರೆ ಅವ್ವ ಹಸಿದುಕೊಂಡು ಹೋದದ್ದು ನನ್ನಿಂದ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಬಿಸಿ ಕಜ್ಜಾಯ ನುಂಗಿ, ಕೈಯನ್ನು ಲಂಗದೊಳಗೆ ಬಚ್ಚಿಟ್ಟುಕೊಂಡು ಮೂಲೆ ಸೇರಿದೆ.

ಹೊಸ ಬಟ್ಟೆ ಹಾಕಲು ಅಜ್ಜಿ ಕೈ ಹಿಡಿದೆಳೆದಾಗ ಗುಟ್ಟು ಬಯಲಾಯಿತು. ಸಟ್ಟುಗದ ಕಾವಿನ ಗುರುತು ನೋಡಲು ಥೇಟ್ ಬರೆ ಎಳೆದ ಹಾಗೇ ಇತ್ತು.

"ಯಾರವ್ವ ಬರೆ ಆಕ್ದೋರು?"

ಸುಟ್ಟದ್ದು ಹೇಗೆಂದು ಅಜ್ಜಿ ಕೇಳಲಿಲ್ಲ, ಸುಟ್ಟವರು ಯಾರೆಂದು ಕೇಳಿದಳು. ನಾನು ತಲೆಯೆತ್ತಿದೆ. ಬಾಗಿಲಲ್ಲಿ ಚಿಕ್ಕವ್ವ ಬಾಳೆಲೆ ಹಿಡಿದು ನಿಂತಿದ್ದಳು. ಸುಮ್ಮನೆ ಅವಳನ್ನು ನೋಡಿದೆ. ಅಷ್ಟು ಸಾಕಾಯಿತು. ಅಜ್ಜಿ ಎದೆ ಬಡಿದುಕೊಂಡಳು. ಜಗಲಿಯಲ್ಲಿದ್ದವರೆಲ್ಲ ಒಳಗೆ ಬಂದರು. ಚಿಕ್ಕವ್ವ ನನ್ನ ಕೈ ನೋಡಿದಳು, ಬಾಂಡಲಿ ನೋಡಿದಳು, ಬಗ್ಗಿ ಸೆರಗಿನ ತುದಿಯಿಂದ ನನ್ನ ತುಟಿ ಒರೆಸಿದಳು. ಅಜ್ಜಿ ಆ ಕೈಗೆ ಫಟಾರೆಂದು ಹೊಡೆದಳು. "ಮುಟ್ಬ್ಯಾಡ ಮಗೀನ!"

ಅಪ್ಪ ಒಂದೇ ಮಾತು ಕೇಳಿದ. "ನೀನೇನಾ?"

"ಬಿಸಿ ಬಾಂಡ್ಲೀನ ವಲೆ ಮುಂದೆ ಬುಟ್ಟು ಓಗಿದ್ದು ನಂದೇ ತಪ್ಪು" ಎಂದಳು ಚಿಕ್ಕವ್ವ.

"ತಪ್ಪು ಅಂತ ಅವ್ಳೇ ಒಪ್ಕಂಡ್ಲಲ್ಲ" ಎಂದಿತು ಜನ. ಮಾರನೆಯ ದಿನ ಅಜ್ಜಿ ನನ್ನನ್ನು ಹೊಳೆನರಸೀಪುರಕ್ಕೆ ಕರೆದುಕೊಂಡು ಹೋದಳು. ಎರಡೂ ಕಡೆಯ ಹಿರಿಯರು ಕೂತು ಮಾತಾಡಿದರು. ದೀಪಾವಳಿ ಕಳೆದ ಮೇಲೆ ಎಲ್ಲರ ಮುಂದೆ ನನ್ನನ್ನು ಕೇಳುವುದು, ಹೌದು ಎಂದು ನಾನು ತಲೆಯಾಡಿಸಿದರೆ ಚಿಕ್ಕವ್ವ ಗಂಟುಮೂಟೆ ಕಟ್ಟಿ ತವರಿಗೆ ಹೋಗುವುದು. ಒಬ್ಬ ಹೆಂಗಸಿನ ಬಾಳು ನನ್ನ ಕತ್ತಿನ ಮೇಲೆ ನಿಂತಿತ್ತು. ನನಗೋ, ಅವ್ವ ಹಸಿದಿದ್ದಾಳೆಂಬ ಚಿಂತೆಯೊಂದೇ. ಅನ್ನ ಇಳಿಯುತ್ತಿರಲಿಲ್ಲ. "ನೋಡಿ, ಎಷ್ಟು ಎದರ್ಸವ್ಳೆ ಮಗೀನ" ಎಂದು ಅಜ್ಜಿ ಬಂದವರಿಗೆಲ್ಲ ತೋರಿಸುತ್ತಿದ್ದಳು.

ಒಂದು ದಿನ, ಅಜ್ಜಿ ನನ್ನನ್ನು ಕಳಿಸುತ್ತಿದ್ದ ಅಲ್ಲಿನ ಸ್ಕೂಲಿನ ಗೇಟಿನ ಹತ್ತಿರ ಚಿಕ್ಕವ್ವ ನಿಂತಿದ್ದಳು. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಬಲಗೈ ಸೆರಗಿನಲ್ಲಿ ಸುತ್ತಿದ್ದನ್ನು ನಾನು ಮೊದಲು ಕಂಡದ್ದು ಅವತ್ತೇ. ಬೇಡಿಕೊಳ್ಳಲು ಬಂದಿದ್ದಾಳೆಂದು ಹೆದರಿದೆ. ಅವಳು ಎಡಗೈಯಿಂದ ಸುಟ್ಟ ಗಾಯದ ಮುಲಾಮು ಚಾಚಿ, "ದಿನಾ ಅಚ್ಕ. ಕೆರ್ಕಬ್ಯಾಡ" ಎಂದಳು. ಹೊರಡಲು ತಿರುಗಿದಾಗ ನನಗೆ ಅಳು ಕಿತ್ತುಕೊಂಡು ಬಂತು.

"ಚಿಕ್ಕವ್ವ, ಕಜ್ಜಾಯ ನಾನೇ ತಿಂದಿದ್ದು."

"ಗೊತ್ತು ಕಣವ್ವ. ತುಟಿ ಮ್ಯಾಲೇ ಇತ್ತಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಏಳುದ್ರೆ ಯಾರ್ ನಂಬೋರು? ನಂಬುದ್ರೂ, ಅವ್ವನ್ ಎಡೆ ಎಂಜ್ಲು ಮಾಡ್ದೋಳು ಅಂತ ನಿನ್ನ ಆಡ್ಕಂಡಿರೋರು. ನಂಗಾದ್ರೆ ಅಭ್ಯಾಸ."

"ಅವ್ವ ಹಸ್ಕೊಂಡು ಹೋದ್ಲಾ?"

ಅವಳು ನಕ್ಕಳು. ಆ ದಿನಗಳಲ್ಲಿ ಅವಳು ಹೇಗೆ ನಕ್ಕಳೋ ನನಗೆ ಇವತ್ತಿಗೂ ತಿಳಿಯದು. "ಮಕ್ಳು ಉಣ್ಣೋಕ್ ಮುಂಚೆ ಉಣ್ಣೋ ಅವ್ವನ್ನ ಎಲ್ಲಾರ ಕಂಡಿದ್ದೀಯ? ನೀ ತಿಂದಿದ್ಕೇ ಅವ್ಳ ಒಟ್ಟೆ ತುಂಬಿರ್ತದೆ. ಓಗು, ಗಂಟೆ ಒಡೀತು."

ಹಿರಿಯರ ಮುಂದೆ ನಾನು, "ನಾನೇ ಕದ್ದು ತಿಂದೆ, ಸಟ್ಟುಗ ಬಿತ್ತು" ಎಂದೆ. ಒಬ್ಬರೂ ನಂಬಲಿಲ್ಲ. "ಇಂಗೇಳು ಅಂತ ಅವ್ಳೇ ಏಳ್ಕೊಟ್ಟವ್ಳೆ" ಎಂದಳು ಅಜ್ಜಿ. ಆದರೆ ಹೌದು ಎಂದು ನನ್ನಿಂದ ಹೊರಡಿಸಲು ಅವರಿಂದಾಗಲಿಲ್ಲ. ಚಿಕ್ಕವ್ವ ಉಳಿದಳು, ನಾನು ಮನೆಗೆ ಬಂದೆ. ಸೆರಗಿನೊಳಗೆ ಸೇರಿದ ಕೈ ಮಾತ್ರ ಊರವರ ಮುಂದೆ ಮತ್ತೆ ಹೊರಗೆ ಬರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಹಿರಿಯರ ಹಬ್ಬಕ್ಕೂ ಮೊದಲ ಕಜ್ಜಾಯ ನನಗೇ. ಅಡುಗೆಮನೆಗೆ ಕರೆದು, ಬಾಗಿಲು ಮುಚ್ಚಿ, ಊದಿ ಊದಿ ಆರಿಸಿ ಬಾಯಿಗಿಡುತ್ತಿದ್ದಳು. ವರ್ಷದಲ್ಲಿ ಅವಳು ಬಾಗಿಲು ಮುಚ್ಚುತ್ತಿದ್ದುದು ಆಗೊಮ್ಮೆ ಮಾತ್ರ.

ನಾನೂ ಅವಳನ್ನು ಕಾಪಾಡಿದೆ ಎಂದು ಹೇಳಿಕೊಳ್ಳುವಂತಿಲ್ಲ. ಮದುವೆಮನೆಗಳಲ್ಲಿ ಹೆಂಗಸರು ನನ್ನ ತೋಳು ತಿರುಗಿಸಿ ನೋಡಿ "ಪಾಪ" ಎಂದಾಗ ಮೊದಮೊದಲು ಜಗಳವಾಡುತ್ತಿದ್ದೆ. ಆಮೇಲೆ ಸಾಕಾಗಿ ಸುಮ್ಮನಾದೆ. ನಿಜ ಹೇಳಬೇಕೆಂದರೆ, ಕೆಲವು ಸಲ ಆ "ಪಾಪ" ಹಿತವಾಗಿಯೇ ಇತ್ತು. ಅದನ್ನು ನೆನೆದರೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ನನಗೆ ಮಗಳು ಹುಟ್ಟಿದ ಮೇಲೆ ಒಮ್ಮೆ ಊರಿನ ಜಗಲಿಯಲ್ಲಿ ಅವಳ ರಂಪ ತಾಳಲಾರದೆ ಬೆನ್ನಿಗೆ ಎರಡು ಬಿಟ್ಟೆ. ಬೀದಿಯಲ್ಲಿ ಹೋಗುತ್ತಿದ್ದವರು ನಕ್ಕು ಮುಂದೆ ಹೋದರು. ಚಿಕ್ಕವ್ವ ಮಗುವನ್ನು ಎಳೆದುಕೊಂಡು, "ನಿಂಗೇನವ್ವ, ಎತ್ತೋಳು. ಒಡುದ್ರೂ ನೀನೇ ಅವ್ವ" ಎಂದಳು. ಛೇಡಿಸುವ ದನಿಯೇ. ಆದರೂ ನನ್ನ ಕೈ ಆಮೇಲೆ ಮಗಳ ಮೇಲೆ ಏಳಲಿಲ್ಲ.

ಎರಡು ಸಾವಿರದ ಆಚೆಗೆ ಸಕ್ಕರೆ ಕಾಯಿಲೆ ಅವಳನ್ನು ಹಣ್ಣು ಮಾಡಿತು. ಹಾಸನದ ಆಸ್ಪತ್ರೆಯಲ್ಲಿ ಅವಳು ಹೋದಾಗ ಅವಳ ಬಲಗೈ ನನ್ನ ಎರಡೂ ಕೈಗಳ ನಡುವೆ ಇತ್ತು, ಎಲ್ಲರೂ ನೋಡುವ ಹಾಗೆ.

ಆ ವರ್ಷದ ಹಿರಿಯರ ಹಬ್ಬಕ್ಕೆ ನಡುಮನೆಯಲ್ಲಿ ಎರಡು ಸೀರೆ ಇಟ್ಟೆ. ಕಜ್ಜಾಯ ನಾನೇ ಸುಟ್ಟೆ. ಮೊದಲನೆಯದನ್ನು ಊದಿ ಆರಿಸಿ, ಅಡುಗೆಮನೆಯ ಬಾಗಿಲು ತೆರೆದೇ ಇಟ್ಟು, ಐದು ವರ್ಷದ ಮಗಳ ಕೈಗೆ ಕೊಟ್ಟೆ. ನೆಂಟರು ಬೆಚ್ಚಿದರು. ಹಣ್ಣುಹಣ್ಣು ಮುದುಕಿಯಾಗಿದ್ದ ಅಜ್ಜಿ, "ಎಡೆಗೆ ಮುಂಚೇನೇ ಕೊಟ್ಯಾ?" ಎಂದು ಕೂಗಿದಳು.

ತೋಳು ಚಾಚಿ ತೋರಿಸಿದೆ. "ಅವತ್ತು ನಾನೂ ಹಿಂಗೇ ತಿಂದಿದ್ದೆ ಅಜ್ಜಿ. ಇದು ಚಿಕ್ಕವ್ವ ಹಾಕಿದ್ದಲ್ಲ."

ಅಜ್ಜಿ ನನ್ನ ತೋಳನ್ನು ಸವರಿದಳು. ಕಣ್ಣಲ್ಲಿ ನೀರು. "ಸತ್ತೋಳ್ ಮ್ಯಾಲೆ ದೂರು ಯಾಕೆ ಅಂತ ಮುಚ್ಚಾಕ್ತಿದ್ದೀಯ. ನಿಮ್ಮವ್ವನ ಗುಣಾನೇ ನಿಂಗೂ ಬಂದದೆ ಕಣವ್ವ" ಎಂದಳು.

ಅಷ್ಟರಲ್ಲಿ ಮಗಳು ನಡುಮನೆಗೆ ಹೋಗಿ, "ಅಜ್ಜಿ, ಬಿಸಿ ಇಲ್ಲ, ತಿನ್ನು" ಎನ್ನುತ್ತ ತಾನು ಕಚ್ಚಿ ಉಳಿಸಿದ್ದ ಅರ್ಧ ಕಜ್ಜಾಯವನ್ನು ಚಿಕ್ಕವ್ವನ ಸೀರೆಯ ಮುಂದಿನ ಎಲೆಗೆ ಇಟ್ಟಳು. ಅಯ್ಯೋ, ತಗೀರಿ, ತಗೀರಿ ಎಂದು ಎಲ್ಲರೂ ಎದ್ದರು. ನಾನು ಅದನ್ನು ಹಾಗೇ ಬಿಟ್ಟು, ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿದೆ.