ಜವರನ ಪಾಲಿನ ಲೋಟ

ನಿಂಗಯ್ಯನ ತಾತ ಕೆಂಪಯ್ಯ ಅರಮನೆಯ ಲಾಯದಲ್ಲಿ ಕುದುರೆ ಪಳಗಿಸುತ್ತಿದ್ದವನು. ಸವಾರರನ್ನು ಕೆಡವಿ ಕಾಲು ಮುರಿದಿದ್ದ ಕರಿ ಕುದುರೆಯೊಂದನ್ನು ಚಾಟಿ ಮುಟ್ಟದೆ, ಬರಿಯ ಬೆಲ್ಲದಿಂದಲೂ ಮಾತಿನಿಂದಲೂ ಹಾದಿಗೆ ತಂದನೆಂದು ಲಾಯದವರು ಹೇಳುತ್ತಿದ್ದರು. ಅಪ್ಪ ಬಸವಯ್ಯ ಅದಕ್ಕೂ ದೊಡ್ಡ ಕೆಲಸ ಮಾಡಿದ. ಪ್ಲೇಗು ಬಂದು ಮೈಸೂರಿನ ಬೀದಿ ಬೀದಿ ಬರಿದಾದಾಗ, ಹೆತ್ತ ಮಕ್ಕಳೇ ಹೆಣ ಮುಟ್ಟಲು ಹೆದರಿ ಊರಾಚೆ ಗುಡಿಸಲು ಹಾಕಿಕೊಂಡು ಕೂತಾಗ, ಒಂಟಿಯಾಗಿ ಗಾಡಿ ಹೊಡೆದು ಹೆಣಗಳನ್ನು ಮಸಣ ಮುಟ್ಟಿಸಿದ. ಆ ನಾತ ತಡೆಯಲು ಬೆಳಗ್ಗೆ ಎದ್ದೊಡನೆ ಸರಾಯಿ ಕುಡಿಯುತ್ತಿದ್ದ. ಪ್ಲೇಗು ಊರು ಬಿಟ್ಟು ಹೋಯಿತು, ಸರಾಯಿ ಮನೆ ಬಿಟ್ಟು ಹೋಗಲಿಲ್ಲ. ಊರಿನವರು ಬಸವಯ್ಯನ ಉಪಕಾರವನ್ನು ವರ್ಷದೊಳಗೆ ಮರೆತರು; ಕುಡಿತವನ್ನು ಮಾತ್ರ ಅವನು ಸಾಯುವ ತನಕ ನೆನಪಿಟ್ಟರು.

ನಿಂಗಯ್ಯ ಜಟಕಾ ಹೊಡೆಯುತ್ತಿದ್ದ. ತಾತನ ಕೈ, ಅಪ್ಪನ ನಾಲಿಗೆ ಎರಡೂ ಅವನಿಗೆ ಬಂದಿದ್ದವು. ಹೆಂಡತಿ ಲಕ್ಷ್ಮಮ್ಮ ಸಹಿಸುವಷ್ಟು ಸಹಿಸಿ ನಂಜನಗೂಡಿನ ತವರು ಸೇರಿದಳು. ಆಗಲೂ ಅವನಿಗೆ ಬುದ್ಧಿ ಬರಲಿಲ್ಲ. ಸ್ವಾತಂತ್ರ್ಯ ಬಂದ ಮರು ಬೇಸಿಗೆಯ ಒಂದು ಮಧ್ಯಾಹ್ನ ಕುದುರೆಯನ್ನು ಗಾಡಿಗೆ ಕಟ್ಟಿದಂತೆಯೇ ಬಿಸಿಲಲ್ಲಿ ಬಿಟ್ಟು ಸರಾಯಿ ಪಡಖಾನೆಯೊಳಗೆ ಹೋದವನು ಅಲ್ಲೇ ಬಿದ್ದು ನಿದ್ದೆ ಹೋದ. ಎದ್ದು ಬರುವಷ್ಟರಲ್ಲಿ ಕುದುರೆ ಬಾಯಾರಿ, ಗಾಡಿಯ ಮೂಕಿಗಳ ನಡುವೆ ಕುಸಿದು ಸತ್ತಿತ್ತು. ನೀರಿನ ತೊಟ್ಟಿ ಕೂಗಳತೆಯಲ್ಲಿತ್ತು. ಅದರ ಒಣಗಿದ ನಾಲಿಗೆಯನ್ನು ಮುಟ್ಟಿ ನೋಡಿದ ನಿಂಗಯ್ಯ ಅಂದಿಗೆ ಕುಡಿತ ಬಿಟ್ಟ.

ಬಿಟ್ಟ ಎಂದು ಹೇಳುವುದು ಸುಲಭ. ಬಾಡಿಗೆಗೆ ಹಿಡಿದ ಜಟಕಾ ಹೊಡೆದು ಹಗಲು ಕಳೆಯುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಕೈ ನಡುಗುತ್ತಿತ್ತು, ಕಾಲು ತಾನಾಗಿ ಪಡಖಾನೆಯ ಕಡೆ ಎಳೆಯುತ್ತಿತ್ತು. ಆ ಹೊತ್ತಿಗೆ ಅವನು ಜಟಕಾ ಸ್ಟ್ಯಾಂಡಿನ ಕುದುರೆ ತೊಟ್ಟಿಯ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದ. ಉಪ್ಪು ಹಾಕಿ ಒಣಗಿಸಿದ ಬೆಟ್ಟದ ನೆಲ್ಲಿಕಾಯಿ ಬಾಯಲ್ಲಿಟ್ಟುಕೊಂಡು, ಅದು ಕರಗುವ ತನಕ ಏಳುತ್ತಿರಲಿಲ್ಲ. ಲಕ್ಷ್ಮಮ್ಮನಿಗೆ ಹೇಳಿ ಕಳಿಸಿದ. “ಮೂರು ಯುಗಾದಿ ಕಳೀಲಿ, ಆಮ್ಯಾಕೆ ಬತ್ತೀನಿ” ಎಂದು ಅವಳಿಂದ ಮಾತು ಬಂತು.

ಮೊದಲ ಯುಗಾದಿ ಕಳೆದ ಮೇಲೆ, ಅದೇ ಸ್ಟ್ಯಾಂಡಿನ ಜವರಯ್ಯನ ಹೆಂಡತಿ ಬೆಟ್ಟಮ್ಮ ಬಂದು ಕಟ್ಟೆಯ ಮುಂದೆ ನಿಂತಳು.

“ನಿಂಗಣ್ಣ, ನಮ್ಮನೇರನ್ನೂ ನಿನ್ ಜೊತೇಲಿ ಕೂರುಸ್ಕೊ. ಕುಡಿಯೋದ ಬುಡು ಅಂದ್ರೆ ನನ್ ಮಾತ ಕೇಳಾಕಿಲ್ಲ.”

“ಕೂರುಸ್ಕೊಳಾಕೆ ಅವನೇನು ಕೂಸೇನವ್ವ?”

“ಕೂಸಾಗಿದ್ರೆ ನಾನೇ ಎತ್ಕತಿದ್ದೆ ಕಣಣ್ಣ.”

ಅಂದಿನಿಂದ ಕಟ್ಟೆಯ ಮೇಲೆ ಇಬ್ಬರಾದರು. ಸ್ಟ್ಯಾಂಡಿನವರು ಸುಮ್ಮನಿರುತ್ತಾರೆಯೇ? “ಏನ್ರಪ್ಪ, ಕುದುರೆ ನೀರು ಕುಡಿಯೋದ ನೋಡ್ಕಂಡೇ ನಿಶೆ ಏರುಸ್ಕತಿದ್ದೀರಾ?” ಎಂದು ಕೆಣಕುತ್ತಿದ್ದರು. “ಊ ಕಣಪ್ಪ, ನಾಳಿಕೆ ನಿಂಗೂ ಒಂದು ಬಕೀಟು ಮಡಗ್ತೀವಿ” ಎಂದು ನಿಂಗಯ್ಯ ತಿರುಗಿ ಕೊಡುತ್ತಿದ್ದ. ಜವರಯ್ಯ ಎದ್ದು ಹೊರಟರೆ ನಿಂಗಯ್ಯ ಅವನ ಪಂಚೆಯ ಚುಂಗು ಹಿಡಿದು ಕೂರಿಸುತ್ತಿದ್ದ. ನಿಂಗಯ್ಯ ಎದ್ದ ದಿನ ಜವರಯ್ಯ ಹಿಡಿಯುತ್ತಿದ್ದ. ಹೀಗೆ ಒಬ್ಬರ ಚುಂಗು ಒಬ್ಬರು ಹಿಡಿದುಕೊಂಡು ಎರಡನೆಯ ಯುಗಾದಿಯನ್ನೂ ದಾಟಿದರು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಜವರಯ್ಯನ ಮನೆಯಲ್ಲಿ ಹಿರಿಯರ ಹಬ್ಬ. ಅವನ ಅಪ್ಪ ತೀರಿಕೊಂಡ ಮೇಲೆ ಮೊದಲ ಎಡೆ. ಸತ್ತವರು ಬದುಕಿದ್ದಾಗ ಏನನ್ನು ಬಯಸುತ್ತಿದ್ದರೋ ಅದನ್ನೆಲ್ಲ ಎಲೆಯ ಮೇಲೆ ಇಡಬೇಕು: ಮಾಂಸ, ಮುದ್ದೆ, ಬೀಡಿ ಕಟ್ಟು, ಪಕ್ಕದಲ್ಲಿ ಒಂದು ಲೋಟ ಸರಾಯಿ. ಹಿರಿಯರು ಬರಲೆಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ತೆಗೆದ ಮೇಲೆ ಹಿರಿಮಗ ಒಂದೊಂದನ್ನೂ ಬಾಯಿಗೆ ಮುಟ್ಟಿಸಬೇಕು. ಇಲ್ಲವಾದರೆ ಹಿರಿಯರು ಉಣ್ಣದೆ ಎದ್ದು ಹೋಗುತ್ತಾರೆಂಬುದು ಆ ಮನೆಯ ನಂಬಿಕೆ. ನಂಟರ ನಡುವೆ ಒಬ್ಬನೇ ಕೂರಲು ಹೆದರಿ ಜವರಯ್ಯ ನಿಂಗಯ್ಯನನ್ನೂ ಕರೆದಿದ್ದ.

ಚಿಕ್ಕಪ್ಪ ಚಿಕ್ಕಣ್ಣ ಲೋಟ ಎತ್ತಿ ಕೊಟ್ಟ. “ತಗೊ ಜವರ, ನಿಮ್ಮಪ್ಪನ ಲೋಟ.”

“ನಾ ಬುಟ್ಟಿವ್ನಿ ಚಿಕ್ಕಪ್ಪ. ಮಿಕ್ಕುದ್ದೆಲ್ಲ ತಿಂತೀನಿ, ಇದೊಂದು ಬ್ಯಾಡ.”

“ನೀ ಬುಟ್ರೆ ನಿಮ್ಮಪ್ಪ ಬುಟ್ಟವ್ನಾ? ಸತ್ ಮ್ಯಾಲೆ ಮೊದಲ್ನೇ ಸಲ ಮನೆಗೆ ಬಂದವ್ನೆ. ಹಸ್ಕಂಡು ಹೋಗು ಅಂದೀಯಾ?”

“ಹೆಂಡ್ರ ಸೆರಗಿಗೆ ಗಂಟಾಕಂಡವ್ನು, ಅಪ್ಪನ್ನ ಎಲ್ಲಿ ಕಂಡಾನು” ಎಂದು ಮೂಲೆಯಿಂದ ಒಬ್ಬ ನಂಟ ಸೇರಿಸಿದ.

ಅಡಿಗೆಮನೆಯ ಬಾಗಿಲಲ್ಲಿ ಬೆಟ್ಟಮ್ಮ ಸೌಟು ಹಿಡಿದು ನಿಂತೇ ಇದ್ದಳು. ಜವರಯ್ಯನ ಕೈ ಮುಂದೆ ಬಂತು. ಆ ಕೈ ನಡುಗಿದ್ದು ಹೆದರಿಕೆಗಲ್ಲ, ಆಸೆಗೆ ಎಂಬುದು ಅಲ್ಲಿದ್ದವರಲ್ಲಿ ನಿಂಗಯ್ಯನೊಬ್ಬನಿಗೇ ತಿಳಿಯಿತು. ಅವನು ಚುಂಗು ಹಿಡಿದೆಳೆದ. ಜವರಯ್ಯ ಕೊಡವಿಕೊಂಡ. ನಿಂಗಯ್ಯನ ಕಣ್ಣಿಗೆ ಮೂರನೆಯ ಯುಗಾದಿಯೂ ಕಂಡಿತು, ಬೆಟ್ಟಮ್ಮನ ಮುಖವೂ ಕಂಡಿತು. ಲೋಟವನ್ನು ಕಿತ್ತುಕೊಂಡ.

“ಇವ್ರಪ್ಪನೂ ನಾನೂ ಒಂದೇ ಪಡಖಾನೇಲಿ ಕೂತು ಕುಡುದೋರು. ನನ್ನ ಮಗನಂಗೆ ನೋಡ್ಕಂಡವ್ನು. ನಾ ಮುಟ್ಟುದ್ರೆ ಮಗ ಮುಟ್ಟಿದಂಗೇ” ಎಂದು ಒಂದೇ ಗುಟುಕಿಗೆ ಬರಿದು ಮಾಡಿದ.

ಚಿಕ್ಕಣ್ಣ ತೊಡೆ ತಟ್ಟಿ ನಕ್ಕ. “ನಮ್ಮಣ್ಣ ಉಂಡ ಬುಡ್ರಪ್ಪ. ಎಲೆ ಹಾಕ್ಸಿ.”

ಒಂದೇ ಲೋಟ ಎಂದುಕೊಂಡಿದ್ದ ನಿಂಗಯ್ಯ. ಆದರೆ ಎಡೆಯ ಲೋಟ ಯಾವುದು, ಪಡಖಾನೆಯ ಲೋಟ ಯಾವುದು ಎಂಬ ಭೇದ ಗಂಟಲಿಗೆ ಗೊತ್ತಿಲ್ಲ. ಮರುದಿನ ಕಟ್ಟೆಗೆ ಬಂದ. ಆಮೇಲೆ ತಡವಾಗಿ ಬರತೊಡಗಿದ, ಬಂದಾಗ ಬಾಯಿ ನಾರುತ್ತಿತ್ತು. ಜವರಯ್ಯ ಒಂದು ಸಂಜೆ ಅವನ ಚುಂಗನ್ನು ಬಿಗಿಯಾಗಿ ಹಿಡಿದ. ಹಳೆಯ ಪಂಚೆ, ಹರಿದು ಕೈಗೆ ಬಂತು. ನಿಂಗಯ್ಯ ನಿಲ್ಲಲಿಲ್ಲ.

ಬೆಟ್ಟಮ್ಮ ಮತ್ತೆ ಕಟ್ಟೆಯ ಹತ್ತಿರ ಬಂದಳು. ತಲೆ ಎತ್ತದೆ ಹೇಳಿದಳು: “ನಿನ್ ಋಣ ಏಳು ಜನ್ಮಕ್ಕೂ ತೀರಾಕಿಲ್ಲ ನಿಂಗಣ್ಣ. ಆದ್ರೆ ಇನ್ನು ಅವ್ರ ಪಕ್ಕದಲ್ಲಿ ಕೂರ್ಬ್ಯಾಡ. ವಾಸ್ನೆ ಬತ್ತದೆ.”

“ಸರಿ ಕಣವ್ವ” ಎಂದು ನಿಂಗಯ್ಯ ಎದ್ದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗು ಯಾರಿಗೆ ಬೇಕು?

ಮೂರನೆಯ ಯುಗಾದಿಗೆ ಲಕ್ಷ್ಮಮ್ಮ ಆಡಿದ ಮಾತಿನಂತೆ ನಂಜನಗೂಡಿನ ರೈಲಿನಿಂದ ಇಳಿದು ಬಂದಳು. ಬಾಗಿಲಿಗೆ ಅಡ್ಡ ಬಿದ್ದಿದ್ದ ಗಂಡನನ್ನು ನೋಡಿದಳು. ಎಬ್ಬಿಸಲಿಲ್ಲ, ಬೈಯಲಿಲ್ಲ. ಬೇವುಬೆಲ್ಲದ ಪೊಟ್ಟಣವನ್ನು ಹೊಸ್ತಿಲ ಮೇಲಿಟ್ಟು ಸಂಜೆಯ ರೈಲಿಗೆ ಹಿಂತಿರುಗಿದಳು.

ವರ್ಷಗಳು ಕಳೆದವು. ಸಿಟಿ ಬಸ್ಸು ಹೆಚ್ಚಿ ಜಟಕಾಗಳು ಕಡಿಮೆಯಾದವು. ಬಾಡಿಗೆಗೆ ಗಾಡಿ ಕೊಡುವವರೂ ಇಲ್ಲದೆ ನಿಂಗಯ್ಯ ಸ್ಟ್ಯಾಂಡಿನ ಹಿಂದಿನ ಪಾಳು ಕೊಟ್ಟಿಗೆಯಲ್ಲಿ, ಹಳೆಯ ಹುಲ್ಲಿನ ಮೇಲೆ ಮಲಗಿರುತ್ತಿದ್ದ. ಒಂದು ಹಿರಿಯರ ಹಬ್ಬದ ಮರುದಿನ ಜವರಯ್ಯ ಬುತ್ತಿ ಹಿಡಿದು ಅಲ್ಲಿಗೆ ಬಂದ. ನಿಂಗಯ್ಯ ಲೋಟ ಕಿತ್ತುಕೊಂಡ ದಿನದಿಂದ ಅವನು ತೊಟ್ಟು ಸರಾಯಿ ಮುಟ್ಟಿರಲಿಲ್ಲ.

“ಏಳು ನಿಂಗಣ್ಣ. ಕಟ್ಟೆಗೆ ಹೋಗಾನ. ನೆಲ್ಲಿಕಾಯಿ ತಂದಿವ್ನಿ. ಈ ಸಲ ಚುಂಗ ನಾ ಬುಡಾಕಿಲ್ಲ.”

“ಎಡೆ ಆಯ್ತಾ?”

“ಆಯ್ತು.”

“ಲೋಟವ ಯಾರಿಗೆ ಕುಡ್ಸಿದ ನಿಮ್ಮ ಚಿಕ್ಕಪ್ಪ?”

ಜವರಯ್ಯ ನೆಲ ನೋಡಿದ. “ಇಷ್ಟು ವರ್ಷ ಚಿಕ್ಕಪ್ಪನೇ ಕುಡೀತಿದ್ದ, ಈಗ ಕುಡುದು ಕುಡುದು ಈಲಿ ಕೆಟ್ಟೋಗದೆ. ಡಾಕ್ಟ್ರು ಮುಟ್ಟಬ್ಯಾಡ ಅಂದವ್ರೆ. ಕಂಡ್ರೆ ಆಸೆ ಆಯ್ತದೆ ಅಂತ ಹೋದ ವರ್ಷದಿಂದ ಎಡೆಗೆ ಕಾಫಿ ಮಡುಗ್ಸ್ತಾವ್ನೆ.”

“ನಿಮ್ಮಪ್ಪ ಕುಡುದ್ನಾ ಕಾಫಿಯ?”

“ಕುಡೀದೆ ಏನ್ಮಾಡಾನು.”

ನಿಂಗಯ್ಯ ನಕ್ಕ. ಕೆಮ್ಮು ಹತ್ತಿ ನಗು ನಿಂತಿತು. ಜವರಯ್ಯನ ಚಾಚಿದ ಅಂಗೈಯಲ್ಲಿದ್ದ ನೆಲ್ಲಿಕಾಯಿಯ ಮೇಲೆ ಅವನ ಬೆರಳುಗಳನ್ನೇ ಮಡಿಸಿ ಹಿಂದಕ್ಕೆ ನೂಕಿದ.

“ಬುತ್ತೀನೂ ಬ್ಯಾಡ, ಇದೂ ಬ್ಯಾಡ ಕಣೋ. ನಮ್ಮಪ್ಪ ಊರ ಹೆಣ ಹೊತ್ತು ಕುಡುದ, ನಾ ನಿಮ್ಮಪ್ಪನ ಲೋಟ ಹೊತ್ತು ಕುಡುದೆ. ನಮ್ಮನೆ ಪಾಡೇ ಇಂಗೆ. ನೀ ಇಲ್ಲಿ ಕೂತ್ರೆ ನಾ ಏಳಾಕಿಲ್ಲ, ನೀನೇ ಬಿದ್ದೀಯ. ಬೆಟ್ಟವ್ವ ದಾರಿ ನೋಡ್ತಿರ್ತಾಳೆ, ಎದ್ದೋಗು. ನಾಳೆ ನಾ ಸತ್ರೆ ಎಡೆ ಇಡಾಕೂ ಬರ್ಬ್ಯಾಡ. ಇಟ್ರೆ ನಂಗೆ ಇಷ್ಟವಾದ್ದ ಇಡ್ಬೇಕಾಯ್ತದೆ, ಆಮ್ಯಾಕೆ ಆ ಲೋಟವ ನಿನ್ ಕೈಯಿಂದ ಕಿತ್ಕಳಾಕೆ ನಾ ಇರಾಕಿಲ್ಲ.”