ಬಲಗಡೆ ದಾರಿಯ ಕೊಳ

ಆ ಊರಿನಲ್ಲಿ ಅವಳ ದನಿ ಗೊತ್ತಿಲ್ಲದವರು ಇರಲಿಲ್ಲ, ಮುಖ ಗೊತ್ತಿದ್ದವರು ಬೆರಳೆಣಿಕೆಯಷ್ಟು. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಡ್ರೈವರುಗಳ ಬಾಯಲ್ಲಿ ಅವಳು ಮೈಕಕ್ಕ. ತರಕಾರಿ ಅಂಗಡಿಯಲ್ಲಿ ‘ಅರ್ಧ ಕಿಲೋ ಕೊಡಿ’ ಎಂದು ಬಾಯಿಬಿಟ್ಟರೆ ಸಾಕು, ಪಕ್ಕದಲ್ಲಿ ನಿಂತವರು ತಮ್ಮ ಬಸ್ಸು ಹೊರಟೇಹೋಯಿತೇನೋ ಎಂಬಂತೆ ಚೀಲ ಎತ್ತಿಕೊಂಡು ಅತ್ತಿತ್ತ ನೋಡುತ್ತಿದ್ದರು.

ಆದರೆ ಅವಳಿಗೆ ಬಸ್ಸುಗಳು ಕಾಣುತ್ತಿರಲಿಲ್ಲ. ಗೂಡಿನ ಗಾಜು ವರ್ಷಗಟ್ಟಲೆ ಹೊಗೆ ಕುಡಿದು ಮಬ್ಬಾಗಿತ್ತು. ಡಿಪೋದಿಂದ ಫೋನು ಬಂದರೆ ಹೇಳಬೇಕು, ಬಾರದಿದ್ದರೂ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮುದುಕ ಸೂಪರ್‌ವೈಸರು ಹೇಳಿಕೊಟ್ಟಿದ್ದ: "ಜನಾನ ಸುಮ್ನೆ ನಿಲ್ಲಿಸಿದ್ರೆ ಕಿತ್ತಾಡ್ತಾರೆ ಕಣಮ್ಮ. ಅವರಿಗೊಂದು ದಿಕ್ಕು ಕೊಡು. ಬಸ್ಸು ಯಾವಾಗಾದ್ರೂ ಬರುತ್ತೆ." ಅಂದಿನಿಂದ ಇಂದಿನವರೆಗೆ, ಎಲ್ಲೋ ಟೈರು ಬಿಚ್ಚಿಕೊಂಡು ಮಲಗಿರುವ ಬಸ್ಸನ್ನೂ ಅವಳು ‘ಇನ್ನು ಕೆಲವೇ ನಿಮಿಷಗಳಲ್ಲಿ’ ಅಂಕಣಕ್ಕೆ ತಂದು ನಿಲ್ಲಿಸುತ್ತಿದ್ದಳು. ಆ ದನಿಯಲ್ಲಿ ಎಳ್ಳಷ್ಟೂ ಅನುಮಾನ ಇರುತ್ತಿರಲಿಲ್ಲ. ಜನ ಗಂಟುಮೂಟೆ ಹೊತ್ತು ಆ ಕಡೆ ನಡೆಯುತ್ತಿದ್ದರು. ಬಸ್ಸು ಬಾರದಿದ್ದರೆ ಬಸ್ಸಿಗೆ ಬೈಗುಳ, ಅವಳಿಗಲ್ಲ.

ಆಮೇಲೆ ಕಾಯಿಲೆ ಬಂತು. ಅಂಗಡಿಗಳು ಬಾಗಿಲು ಎಳೆದುಕೊಂಡವು, ಜನ ಬಾಯಿಮೂಗು ಕಟ್ಟಿಕೊಂಡು ಒಬ್ಬರನ್ನೊಬ್ಬರು ಕಂಡರೆ ರಸ್ತೆ ದಾಟತೊಡಗಿದರು. ಬಸ್ಸುಗಳು ಡಿಪೋದಲ್ಲಿ ಮೂತಿಗೆ ಮೂತಿ ತಾಗಿಸಿ ನಿಂತವು. ಚಕ್ರದ ಬುಡದಲ್ಲಿ ಹುಲ್ಲು ಹುಟ್ಟಿತು. ದನಿ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಆರೋಗ್ಯ ಕಚೇರಿಯವರು ಅವಳನ್ನು ಕೇಳಿ ಪಡೆದರು. ಮನೆಯಲ್ಲೇ ಬೇರೆಯಾಗಿ ಮಲಗಿರುವ ರೋಗಿಗಳಿಗೆ ದಿನಾ ಫೋನು ಮಾಡಿ ವಿಚಾರಿಸಬೇಕು. ಜಾಗ ಅದೇ ಗಾಜಿನ ಗೂಡು. ಮೈಕು ಪಕ್ಕಕ್ಕೆ ಸರಿದು ಫೋನು ಬಂದು ಕೂತಿತು. ಜ್ವರ ಇದೆಯೆ, ಕೆಮ್ಮು ಇದೆಯೆ, ಉಸಿರು ಕಟ್ಟುತ್ತದೆಯೆ. ಇಷ್ಟೇ ಕೇಳಬೇಕು, ಹೆಚ್ಚು ಮಾತು ಬೇಡ ಎಂದಿದ್ದರು.

ಇಷ್ಟು ಕೇಳಿ ಮುಗಿಸುವಷ್ಟರಲ್ಲಿ ಅವಳ ಕಾಲುಗಳು ತಾವಾಗಿಯೇ ಕುಣಿಯತೊಡಗುತ್ತಿದ್ದವು. ಮನೆಗೆ ಬಂದರೂ ನಿಲ್ಲುತ್ತಿರಲಿಲ್ಲ. ಮೂರನೇ ಮಹಡಿಯ ಎರಡು ಕೋಣೆಯ ಮನೆ. ಮದುವೆಯಾಗದ ಅವಳು, ಗಂಡ ತೀರಿಹೋದ ಅಕ್ಕ. ಅಕ್ಕ ಬಾಗಿಲ ಚಿಲಕವನ್ನು ಒರೆಸಿ ಒರೆಸಿ ಅದರ ಬಣ್ಣವನ್ನೇ ಕಿತ್ತಿದ್ದಳು. ತಂಗಿ ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ಓಡಾಡುವಳು.

"ಕೂತ್ಕೋತೀಯೋ, ನೆಲ ಸವೆಸ್ತೀಯೋ? ಮೇಲೆ ಏನು ರುಬ್ತಾ ಇದೀರಿ ಅಂತ ಕೆಳಗಿನ ಮನೆಯೋರು ಕೇಳಿದ್ರು."

"ಏನಂದೆ?"

"ನನ್ ತಂಗಿ ತಲೇಲಿ ಏನೋ ರುಬ್ತಾಳೆ, ಸದ್ದು ಕಾಲಲ್ಲಿ ಬರುತ್ತೆ ಅಂದೆ. ಹೋಗೇ ಮಾರಾಯ್ತಿ, ಎಲ್ಲಾದ್ರೂ ಸುತ್ತಾಡ್ಕೊಂಡು ಬಾ. ಬಂದವಳು ಸೀದಾ ಬಚ್ಚಲಿಗೆ ಹೋಗು."

ಹೀಗೆ ಅವಳಿಗೆ ಆ ದಾರಿ ಸಿಕ್ಕಿತು. ಡಿಪೋದ ಹಿಂದಿನ ಗೇಟು ದಾಟಿ, ಹಳೆಯ ಟೈರುಗಳ ರಾಶಿ ಬಳಸಿದರೆ ಒಂದು ಕಾಲುದಾರಿ. ಒಬ್ಬೊಬ್ಬರೇ ನಡೆಯುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ದಾರಿ ಒಣಗಿದ ಕಾಲುವೆಯ ಪಕ್ಕಕ್ಕೇ ಹೋಗಿ, ಬಿದ್ದೇಬಿಡುತ್ತೇನೆ ಎಂದು ಹೆದರಿಸುತ್ತ ನಿಂತ ಒಂದು ಓರೆಮರದ ಹತ್ತಿರ ಎರಡಾಗುತ್ತಿತ್ತು. ಎಡಗಡೆಯದು ಗುಡ್ಡ ಹತ್ತಿ ಒಡೆದ ನೀರಿನ ತೊಟ್ಟಿಯ ಬಳಿ ನಿಲ್ಲುತ್ತದೆ. ಬಲಗಡೆಯದು ಪೊದೆಗಳೊಳಗೆ ಇಳಿದು ಕಾಣೆಯಾಗುತ್ತದೆ. ಅವಳು ದಿನಾ ಸಂಜೆ ಎಡಕ್ಕೆ ಹೋಗುತ್ತಿದ್ದಳು. ಇಷ್ಟು ವರ್ಷ ಊರೂರಿಗೆ ಜನರನ್ನು ಕಳಿಸಿದವಳು, ತಾನು ಗೂಡು ಬಿಟ್ಟು ಎಲ್ಲಿಗೂ ಹೋದವಳಲ್ಲ. ಈಗ ಅಂಗಾಲಿಗೆ ಕಲ್ಲು ಒತ್ತಿದರೆ ಅದೂ ಹಿತವೆನ್ನಿಸುತ್ತಿತ್ತು. ಹುಲ್ಲಿನ ಬೀಜ ಸೀರೆಯಂಚಿಗೆ ಅಂಟಿಕೊಂಡು ಮನೆಯವರೆಗೆ ಬರುತ್ತಿತ್ತು. ಹಾಗೆಂದು ಮನಸ್ಸು ತಣ್ಣಗಾಗುತ್ತಿತ್ತು ಎನ್ನುವ ಹಾಗಿಲ್ಲ. ತೊಟ್ಟಿಯ ಕಟ್ಟೆಯ ಮೇಲೆ ಒಂದು ಗಳಿಗೆ ಕೂರುವಳು, ಎಲ್ಲೋ ಹಕ್ಕಿ ಕೂಗಿದರೆ ಫೋನು ಹೊಡೆಯಿತೆಂದು ದಡಕ್ಕನೆ ಏಳುವಳು.

ಆ ದಿನಗಳಲ್ಲೇ ಬೋರ್ಡಿನವನು ಗಂಟುಬಿದ್ದದ್ದು.

"ಜ್ವರ ಇದೆಯಾ? ಕೆಮ್ಮು? ಉಸಿರು ಕಟ್ಟುತ್ತಾ?" ಎಂದು ಅವಳು ಮಾಮೂಲಿಯಂತೆ ಕೇಳಿದಳು.

"ಜ್ವರ ಅಂಕಣಕ್ಕೆ ಬಂದು ನಿಂತಿದೆ. ಕೆಮ್ಮು ಹೊರಡೋಕೆ ರೆಡಿಯಾಗಿದೆ. ಉಸಿರಿನ ತೊಂದ್ರೆ ಇನ್ನೂ ಡಿಪೋ ಬಿಟ್ಟಿಲ್ಲ," ಎಂದಿತು ಆ ಕಡೆಯ ದನಿ. "ನೀವು ಮೈಕಕ್ಕ ಅಲ್ವಾ? ನಾನು ಬಸ್ಸಿಗೆ ಬೋರ್ಡ್ ಬರೆಯೋನು. ನೀವು ಬಾಯಲ್ಲಿ ಹೇಳಿದ ಊರನ್ನೆಲ್ಲ ನಾನು ಬ್ರಷ್ಷಲ್ಲಿ ಬರ್ದಿದೀನಿ. ಅಷ್ಟು ಊರಲ್ಲಿ ಇಬ್ರೂ ಒಂದಕ್ಕೂ ಹೋಗಿಲ್ಲ ಅಂತ ಕಾಣುತ್ತೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟು ದಿನಗಳ ಮೇಲೆ ನಕ್ಕಿದ್ದಳೋ.

ಅವನಿದ್ದದ್ದು ಡಿಪೋದ ಹತ್ತಿರವೇ, ಯಾರದೋ ಮನೆಯ ತಾರಸಿಯ ಮೇಲಿನ ಒಂದು ಕೋಣೆಯಲ್ಲಿ. ಹೆಂಡತಿ ಮಗಳ ಹೆರಿಗೆಗೆಂದು ಬೇರೆ ಊರಿಗೆ ಹೋದವಳು ಅಲ್ಲೇ ಸಿಕ್ಕಿಹಾಕಿಕೊಂಡಿದ್ದಳು. "ಕಿಟಕಿ ಇದೆ," ಎಂದ. "ತೆಗೆದ್ರೆ ಪಕ್ಕದ ಮನೆ ಗೋಡೆ ಮೂಗಿಗೆ ಬಡಿಯುತ್ತೆ. ಹೊರಗೆ ಏನಿದೆ, ಒಂಚೂರು ಹೇಳ್ತೀರಾ?"

ಹೆಚ್ಚು ಮಾತು ಬೇಡ ಎಂದಿದ್ದರಲ್ಲ. ಆದರೂ ಅವಳು ಓರೆಮರದ ಬಗ್ಗೆ ಹೇಳಿದಳು. ಅದರ ಚಿಗುರು ಹಸಿರಾಗಿದೆ ಎಂದಳು.

"ಯಾವ ಹಸಿರು? ಎಲೆಹಸಿರಾ, ಪಾಚಿಹಸಿರಾ? ಡಬ್ಬಿಯಿಂದ ತೆಗೆದ ಹಾಗಾ, ನೀರು ಬೆರೆಸಿದ ಹಾಗಾ?"

ಅವಳಿಗೆ ಗೊತ್ತಿರಲಿಲ್ಲ. ಸಂಜೆ ಮರದ ಕೆಳಗೆ ನಿಂತು ನೋಡಿದಳು. ಚಿಗುರು ಹಸಿರೇ ಅಲ್ಲ, ತುದಿಯಲ್ಲಿ ತಾಮ್ರ. ಬಿಸಿಲು ಹಿಂದಿನಿಂದ ಬಿದ್ದರೆ ಮಾತ್ರ ಹಸಿರು. ಮರುದಿನ ಹಾಗೆಯೇ ಹೇಳಿದಳು. "ಅದಪ್ಪಾ ಮಾತು!" ಎಂದ ಅವನು. ಆಮೇಲೆ ದಿನಾ ಇದೇ ಆಯಿತು. ಕಾಲುವೆಯ ತಳದಲ್ಲಿ ಬಿರುಕು ಬಿಟ್ಟ ಮಣ್ಣಿನ ಬಣ್ಣ, ತೊಟ್ಟಿಯ ಗೋಡೆ ಮೇಲಿನ ಓತಿಯ ಗಂಟಲ ಬಣ್ಣ. ಅವನಿಗೆ ಹೇಳಬೇಕೆಂದು ನೋಡುತ್ತ ನಡೆದಾಗ ಅವಳ ಕಾಲಿನ ಚಡಪಡಿಕೆ ಅಷ್ಟರ ಮಟ್ಟಿಗೆ ಮರೆತುಹೋಗುತ್ತಿತ್ತು.

ಒಂದು ಮಧ್ಯಾಹ್ನ ಅವಳು ಬಹಳ ದಿನದಿಂದ ವಿಚಾರಿಸುತ್ತಿದ್ದ ಹೆಂಗಸೊಬ್ಬಳ ಫೋನನ್ನು ಮಗ ಎತ್ತಿಕೊಂಡ. "ಅಮ್ಮ ಇಲ್ಲ. ಇನ್ಮೇಲೆ ಫೋನ್ ಮಾಡ್ಬೇಡಿ," ಎಂದು ಇಟ್ಟುಬಿಟ್ಟ. ಆ ಸಂಜೆ ಅವಳು ದಾರಿಯ ಕಡೆ ತಲೆ ಹಾಕಲಿಲ್ಲ. ಮನೆಯ ಮೆಟ್ಟಿಲ ಮೇಲೆ, ಒಳಗೂ ಹೋಗದೆ ಹೊರಗೂ ಬಾರದೆ, ಕೂತಿದ್ದಳು.

ಮರುದಿನ ಬೋರ್ಡಿನವನ ದನಿ ಸಣ್ಣಗಾಗಿತ್ತು. ಬೆರಳಿಗೆ ಹಾಕಿ ನೋಡುವ ಯಂತ್ರ ಸರಿಯಾಗೇ ತೋರಿಸುತ್ತಿದೆ, ಆದರೆ ಕೋಣೆಯಲ್ಲಿ ಗಾಳಿಯೇ ಇಲ್ಲ ಎಂದ. "ನಿನ್ನೆ ಏನು ನೋಡಿದ್ರಿ?"

ನೋಡಿಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. "ನಿನ್ನೆ ಬಲಗಡೆ ದಾರಿ ಹಿಡಿದೆ," ಎಂದಳು. "ಕೆಳಗೆ ಒಂದು ಕೊಳ ಇದೆ. ಎಷ್ಟು ತಂಪು ಅಂತೀರಿ! ದಡದಲ್ಲಿ ಚಪ್ಪಟೆ ಕಲ್ಲು, ಕೂತ್ಕೊಳ್ಳೋಕೆ ಅಂತಲೇ ಮಾಡಿಸಿದ ಹಾಗೆ. ನೀರಿನ ಮೇಲೆ ಬಿಳಿ ಹಕ್ಕಿಗಳು."

"ಯಾವ ಬಿಳಿ?"

"ಬಿಳಿ. ಬೆಳ್ಳಗೆ."

"ದೂರನಾ?"

"ಇಲ್ಲಪ್ಪ. ಓರೆಮರದ ಹತ್ರ ಇಳಿದ್ರೆ ಸಿಕ್ಕೇಬಿಡುತ್ತೆ."

ಫೋನು ಇಟ್ಟ ಮೇಲೆ ಅವಳಿಗೆ ತಪ್ಪೆನ್ನಿಸಲೂ ಇಲ್ಲ. ಕಾಣದ ಬಸ್ಸನ್ನು ಅಂಕಣಕ್ಕೆ ತರಿಸಿದ ಹಾಗೆ, ಇದೂ ಒಂದು. ಆದರೆ ಸಂಜೆ ಓರೆಮರದ ಹತ್ತಿರ ನಿಂತಾಗ ಬಲಗಡೆಗೆ ಇಣುಕಲು ಧೈರ್ಯ ಬರಲಿಲ್ಲ. ನೋಡದಿದ್ದರೆ ಇದ್ದರೂ ಇರಬಹುದು ಎಂದುಕೊಂಡು ಎಡಕ್ಕೆ ತಿರುಗಿದಳು.

ಮಾರನೇ ಬೆಳಿಗ್ಗೆ ಅವನು ಫೋನು ಎತ್ತಲಿಲ್ಲ. ಮತ್ತೆ ಮಾಡಿದಳು. ಮತ್ತೂ ಮಾಡಿದಳು. ಕೊನೆಗೆ ಅವನ ಕೋಣೆಯ ಕೆಳಗಿನ ಮನೆಯ ಒಡತಿಗೆ ಮಾಡಿದಳು.

"ಬಾಗಿಲು ತೆಗೆದೇ ಇದೆ ಕಣಮ್ಮ, ಚಪ್ಪಲಿ ಇಲ್ಲ," ಎಂದಳು ಒಡತಿ. "ಗಾಳಿ ಇಲ್ಲ, ಗಾಳಿ ಇಲ್ಲ ಅಂತ ಒದ್ದಾಡ್ತಿದ್ರು. ಬೆಳಕು ಹರೀತಿದ್ದ ಹಾಗೆ ಮೆಟ್ಟಿಲು ಇಳಿದ ಸದ್ದಾಯ್ತು. ಕೊಳದ ಹತ್ರ ಹೋಗ್ತೀನಿ, ಅಲ್ಲಿ ತಂಪಿದೆಯಂತೆ ಅಂದ್ರು. ಇಲ್ಲೆಲ್ಲಿದೆಯಮ್ಮ ಕೊಳ? ನಾನು ಹುಟ್ಟಿದಾಗಿಂದ ಕಂಡಿಲ್ಲ!"

ಅವಳು ತಕ್ಷಣ ಆಂಬ್ಯುಲೆನ್ಸಿಗೆ ಫೋನು ಮಾಡಿ, ಡಿಪೋದ ಹಿಂದಿನ ಗೇಟಿಗೆ ಬರಲು ಹೇಳಿದಳು. ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದ್ದಕ್ಕೆ ಆ ಕಡೆಯವನು, "ಇನ್ನೇನು ಕೆಲವೇ ನಿಮಿಷ," ಎಂದ. ಆ ಮಾತಿನ ಬೆಲೆ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಗೂಡಿನ ಬಾಗಿಲು ತೆರೆದೇ ಬಿಟ್ಟು ಓಡಿದಳು.

ಟೈರಿನ ರಾಶಿ, ಕಾಲುವೆ, ಓರೆಮರ. ಆವತ್ತು ಯಾವ ಬಣ್ಣವೂ ಅವಳ ಕಣ್ಣಿಗೆ ಬೀಳಲಿಲ್ಲ. ಬಲಕ್ಕೆ ತಿರುಗಿದಳು. ‘ಇಳಿದ್ರೆ ಸಿಕ್ಕೇಬಿಡುತ್ತೆ’ ಎಂದಿದ್ದಳಲ್ಲ, ದಾರಿ ಇಳಿಯಿತು, ಇಳಿಯುತ್ತಲೇ ಹೋಯಿತು. ಏನೂ ಸಿಗಲಿಲ್ಲ. ಮುಳ್ಳು ಸೀರೆ ಹಿಡಿದೆಳೆಯಿತು. ಜಲ್ಲಿಕಲ್ಲು ಕಾಲಡಿ ಉರುಳಿತು. ಗಟ್ಟಿ ಆಳೇ ಕೈ ಊರಿಕೊಂಡು ಇಳಿಯಬೇಕಾದ ದಾರಿಗೆ, ಗಾಳಿಗಾಗಿ ಬಾಯಿ ಬಿಡುತ್ತಿದ್ದ ಮನುಷ್ಯನನ್ನು ಕಳಿಸಿದ್ದಳು. ಒಂದು ತಿರುವಿನಲ್ಲಿ ಒಂಟಿ ಚಪ್ಪಲಿ ಬಿದ್ದಿತ್ತು. ಅದನ್ನು ಕಂಡ ಮೇಲೆ ಅವಳು ಮೈಕಿಲ್ಲದೆ ಕೂಗಿದಳು. ಯಾವತ್ತೂ ಕೂಗಿ ಅಭ್ಯಾಸವಿಲ್ಲದ ದನಿ ಒಡೆದು ಎರಡಾಯಿತು.

ಪೊದೆ ಮುಗಿದಲ್ಲಿ ಕಲ್ಲು ಕಡಿದು ಬಿಟ್ಟ ಹಳೆಯ ಹೊಂಡ. ಒಂದು ಹನಿ ನೀರಿಲ್ಲ; ಒಣಗಿದ ಕೆಸರು, ಒಡೆದ ಬಾಟಲಿಗಳು. ಅದರ ಅಂಚಿಗೆ ಬಂಡೆಗೊರಗಿ ಒಬ್ಬ ತೆಳ್ಳನೆಯ ಮನುಷ್ಯ ಕೂತಿದ್ದ. ಮುಖ ನೋಡಿ ಗುರುತಿಸುವಂತಿರಲಿಲ್ಲ, ಎಂದೂ ನೋಡಿದವಳಲ್ಲ. ಉಗುರಿನ ಸಂದಿಯ ಹಳದಿ ಬಣ್ಣ ನೋಡಿ ಗುರುತು ಹಿಡಿದಳು. ಎದೆ ಏರಿಳಿಯುತ್ತಿತ್ತು.

"ಬಂದ್ರಾ ಮೈಕಕ್ಕ," ಎಂದ. ಒಂದೊಂದು ಮಾತಿಗೂ ಉಸಿರು ಬೇಡಬೇಕಾಗಿತ್ತು. "ನಿಮ್ಮ ಕೊಳ... ಇನ್ನೂ ಡಿಪೋ ಬಿಟ್ಟಿಲ್ಲ."

"ಕೊಳ ಇಲ್ಲ. ನಾನು ಈ ಕಡೆ ಬಂದೇ ಇಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟೆ."

"ಗೊತ್ತಿತ್ತು. ಯಾವ ಬಿಳಿ ಅಂದ್ರೆ... ಬೆಳ್ಳಗೆ ಅಂದ್ರಲ್ಲ. ನೋಡಿದೋರು ಹಾಗನ್ನಲ್ಲ."

"ಗೊತ್ತಿದ್ದೂ ಯಾಕೆ ಬಂದ್ರಿ, ಪುಣ್ಯಾತ್ಮ?"

"ಆ ದನಿ... ಕೇಳಿದ್ರೆ ಕಾಲು ತಾನಾಗಿ ಏಳುತ್ತೆ. ಊರಿಗೆಲ್ಲ ಹಾಗೇ. ನಾನೇನು ಬೇರೆನಾ?"

ಅವಳು ಬಗ್ಗಿ ಅವನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡಳು.

"ಮುಟ್ಬೇಡಿ. ಕಾಯಿಲೆ."

"ಬಾಯ್ಮುಚ್ಚಿ ಏಳಿ."

ಎದ್ದ. ಎರಡು ಹೆಜ್ಜೆಗೆ ನಿಂತ. "ಎಷ್ಟು ದೂರ?"

‘ಇನ್ನೇನು, ಬಂದೇಬಿಡ್ತು’ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಷ್ಟು ವರ್ಷ ಹೊಟ್ಟೆ ಹೊರೆದ ಮಾತು. ಅದನ್ನು ನುಂಗಿಕೊಂಡಳು.

"ಮುಂದೆ ಒಂದು ಬಂಡೆ ಇದೆ. ಕರೀದು, ನಡುವೆ ಬಿಳಿ ಗೆರೆ. ಅಲ್ಲೀವರೆಗೆ ಕಾಣ್ತಿದೆ. ಅದರಾಚೆ ಗೊತ್ತಿಲ್ಲ."

ಬಂಡೆಯವರೆಗೆ ನಡೆದರು. ಅವನು ಅದಕ್ಕೆ ಒರಗಿ ಉಸಿರು ಕೂಡಿಸಿಕೊಂಡ.

"ಈಗ ಒಂದು ಪೊದೆ. ಹೂವಿದೆ. ಹಳದಿ, ನಿಮ್ಮ ಉಗುರಿಗಿಂತ ತಿಳಿ. ದಾರಿ ಅಲ್ಲಿ ಕಡಿದಾಗಿದೆ. ಸುಳ್ಳು ಹೇಳಲ್ಲ, ಕಷ್ಟ ಆಗುತ್ತೆ."

ಪೊದೆಯವರೆಗೆ ನಡೆದರು. ಹೀಗೆಯೇ, ಕಣ್ಣಿಗೆ ಕಂಡದ್ದನ್ನಷ್ಟೇ ಹೇಳುತ್ತ, ಅಲ್ಲಿಗೆ ಅವನನ್ನು ತಲುಪಿಸುತ್ತ, ಅವಳು ಹತ್ತಿದಳು. ಒಂದೆಡೆ ಅವನು ಕೂತೇಬಿಟ್ಟ, ಇನ್ನಾಗದು ಎಂದು ಕೈಯಾಡಿಸಿದ. ಅವಳೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಆಂಬ್ಯುಲೆನ್ಸಿನ ಸದ್ದಿಗಾಗಿ ಕಿವಿ ಕೊಟ್ಟಳು, ಕೇಳಲಿಲ್ಲ. ಬರುತ್ತಿದೆ ಎಂದು ಅವನಿಗೆ ಹೇಳಲಿಲ್ಲ. "ಓರೆಮರದ ತುದಿ ಕಾಣ್ತಿದೆ," ಎಂದಳು ಕೊನೆಗೆ. ಅವನು ತಲೆಯೆತ್ತಿ, ತಾನೂ ನೋಡಿದ.

"ತಾಮ್ರ," ಎಂದ. ಮತ್ತೆ ಎದ್ದ.

ಮರದ ಬುಡದಲ್ಲಿ ಸ್ಟ್ರೆಚರ್ ಹಿಡಿದು ಇಬ್ಬರು ಎದುರಾದರು. ಒಬ್ಬ ರೇಗಿದ: "ಎಲ್ಲಿ ಹೋಗಿದ್ರಿ ಇವರನ್ನ ಕರ್ಕೊಂಡು? ಇನ್ನೊಂಚೂರು ತಡ ಆಗಿದ್ರೆ ಕೈ ಮೀರಿಹೋಗ್ತಿತ್ತು."

ರೋಗಿಯನ್ನು ಮುಟ್ಟಿದ್ದರಿಂದ ಈಗ ಅವಳೇ ಒಳಗಿನ ಕೋಣೆಯಲ್ಲಿ ಬೀಗವಿಲ್ಲದ ಸೆರೆಯಾಳು. ಅಕ್ಕ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ದೂರ ಸರಿದು ನಿಂತು ಗದರುತ್ತಿದ್ದಳು: "ಸುತ್ತಾಡ್ಕೊಂಡು ಬಾ ಅಂದೆ, ಊರವರನ್ನೆಲ್ಲ ಹೊತ್ಕೊಂಡು ಬಾ ಅಂದ್ನೇನೇ?" ಗದರಿ, ಗೋಡೆಯಾಚೆ ಮೂಗು ಒರೆಸಿಕೊಳ್ಳುತ್ತಿದ್ದಳು. ಗೂಡಿನಲ್ಲಿ ಅವಳ ಜಾಗಕ್ಕೆ ಬಂದ ಯಾರೋ ದಿನಾ ಫೋನು ಮಾಡಿ ಜ್ವರ ಇದೆಯೆ, ಕೆಮ್ಮು ಇದೆಯೆ ಎಂದು ಕೇಳುವರು. ಅವಳು ಇಲ್ಲ ಎನ್ನುವಳು. ಆಸ್ಪತ್ರೆಯಲ್ಲಿ ಅವನು ಹೇಗಿದ್ದಾನೆಂದು ಇವಳು ಕೇಳಿದರೆ, ಅದು ನಮ್ಮ ಪಟ್ಟಿಯಲ್ಲಿಲ್ಲ ಎನ್ನುವರು. ಅವಳು ಗೋಡೆಯಿಂದ ಗೋಡೆಗೆ ನಡೆಯುವಳು. ಬದುಕಿದ್ದಾನೆ ಎಂದು ತನಗೆ ತಾನೇ ಹೇಳಿಕೊಳ್ಳಲು ಹೊರಟು, ಕಾಣದ್ದನ್ನು ಹೇಳುತ್ತಿದ್ದೇನೆ ಎಂದು ನೆನಪಾಗಿ, ನಡುವೆಯೇ ನಿಲ್ಲಿಸುವಳು.

ಒಂದು ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಫೋನು ಬಂತು.

"ಮೈಕಕ್ಕ, ಮೂತಿಗೆ ಹಾಕಿದ್ದ ಪೈಪು ತೆಗೆದ್ರು. ನಿಮ್ಮ ನಂಬರ್ ಗೂಡಿನೋರ ಹತ್ರ ಇಸ್ಕೊಂಡೆ. ನರ್ಸಮ್ಮನ ಫೋನು, ಬೇಗ ಮುಗಿಸ್ಬೇಕು," ಎಂದಿತು ಸವೆದ ದನಿ. "ಇವತ್ತು ದಾರೀಲಿ ಏನಿದೆ?"

"ಗೊತ್ತಿಲ್ಲ ಕಣ್ರಿ. ನನ್ನನ್ನ ಕೋಣೇಲಿ ಕೂಡಿಹಾಕಿದಾರೆ. ಹೋಗಿಲ್ಲ."

"ಓಹೋ. ಕಿಟಕಿ?"

"ಇದೆ. ಎದುರು ಮನೆ ಗೋಡೆ ಕಾಣುತ್ತೆ."

ಆ ಕಡೆ ಕೆಮ್ಮೋ ನಗುವೋ ತಿಳಿಯದ ಸದ್ದು. "ಹಾಗಾದ್ರೆ ನಾನು ಹೇಳ್ತೀನಿ, ಕೇಳಿ. ಇಲ್ಲೂ ಗೋಡೇನೆ. ಸುಣ್ಣ ಬಳಿದಿದಾರೆ, ನೀಲಿ ಜಾಸ್ತಿ ಹಾಕಿ ಕೆಡಿಸಿದಾರೆ. ಗೋಡೆ ಮೇಲಿನ ನೀರಿನ ಪೈಪಿನ ಸಂದೀಲಿ ಒಂದು ಗಿಡ ಹುಟ್ಟಿದೆ. ಮೂರೆಲೆ ಕಾಣ್ತಿದೆ. ನಾಲ್ಕನೇದು ಇದೆಯೋ ಏನೋ, ಪೈಪು ಅಡ್ಡ ಇದೆ."

"ಯಾವ ಹಸಿರು?" ಎಂದು ಕೇಳಿದಳು ಅವಳು, ನಡೆಯುತ್ತಲೇ.